ಕಪ್ತಾನ ಸತ್ತ ಮೇಲೆ ಪುಸ್ತಕ ಮುಚ್ಚುವಂತಿಲ್ಲ

ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಓದಲು ಬರುತ್ತಿತ್ತು, ಆದರೆ ನಿಧಾನ. ಬಸ್ಸಿನ ಬೋರ್ಡು, ಗೋಡೆ ಮೇಲಿನ ಸಿನಿಮಾ ಪೋಸ್ಟರು, ಡೀಸೆಲ್ ಚೀಟಿ, ಇಷ್ಟೇ ನನ್ನ ಓದು. ಒಂದು ಇಡೀ ಪುಸ್ತಕವನ್ನು ಮೊದಲಿಂದ ಕೊನೆಯತನಕ ಓದಿದ್ದು ಇಪ್ಪತ್ತಮೂರನೇ ವಯಸ್ಸಿನಲ್ಲಿ, ಅದೂ ಒಂಬತ್ತು ಜನರ ಎದುರು ಗಟ್ಟಿಯಾಗಿ. ಓದಬೇಕೆಂಬ ಆಸೆ ಹುಟ್ಟಿ ಓದಿದ್ದಲ್ಲ. ಕೈ ಹೋಗಿತ್ತು, ಅದಕ್ಕೆ.

ನಮ್ಮ ಕರಾವಳಿಗೆ ರೈಲು ಬಂದು ಆರೇಳು ವರ್ಷ ಆಗಿತ್ತು. ನಾನು ನನ್ನೂರು ಮಂಕಿಯಿಂದ ಹೊನ್ನಾವರಕ್ಕೆ ಬಂದು ಹೋಗಿ ಮಾಡುತ್ತ ಒಂದು ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದೆ. ಮೇ ಕೊನೆಯಲ್ಲಿ ಬಲೆ ಎಳೆಯುವಾಗ ಹಗ್ಗ ನನ್ನ ಬಲಗೈಯನ್ನು ಹಗ್ಗ ಸುತ್ತುವ ಯಂತ್ರದ, ವಿಂಚಿನ, ಉರುಳೆಗೆ ಸೇರಿಸಿ ಸುತ್ತಿತು. ತಪ್ಪು ನನ್ನದೇ, ಬೇರೆ ಕಡೆ ನೋಡುತ್ತಿದ್ದೆ. ಎರಡು ಬೆರಳು ಹೋದವು. ಉಳಿದ ಮೂರು ಮಡಚಲು ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಳೆ ಹಿಡಿದು, ಬೋಟುಗಳೆಲ್ಲ ದಡ ಹತ್ತಿದ್ದವು.

ಮಳೆಗಾಲದ ಎರಡು ತಿಂಗಳು ನಮಗೆ ಸಮುದ್ರ ಇಲ್ಲ. ಆಗ ಬಲೆ ರಿಪೇರಿ. ಅಳಿವೆಯ ಹತ್ತಿರ ಒಂದು ಶೆಡ್ಡು, ಅದರಲ್ಲಿ ಬೆಳಗಿಂದ ಸಂಜೆವರೆಗೆ ಕೂತು ಬಲೆಯ ಹರಿದ ಕಣ್ಣುಗಳನ್ನು ಸೂಜಿಯಲ್ಲಿ ಕಟ್ಟುವುದು. ನಮ್ಮಲ್ಲಿ ಒಂದು ಕಟ್ಟುಪಾಡು ಇತ್ತು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ಕೂತು ಬಲೆ ಕಟ್ಟಿದವನಿಗೆ ಮಾತ್ರ ನೂಲ ಹುಣ್ಣಿಮೆ ಕಳೆದ ಮೇಲೆ ಬೋಟಿನಲ್ಲಿ ಜಾಗ. ಕಟ್ಟದವನ ಜಾಗ ಬೇರೆಯವನಿಗೆ. ಸುಮ್ಮನೆ ಬೋಟು ಹತ್ತಲು ಬಂದರೆ ಯಾರೂ ಬೈಯುವುದಿಲ್ಲ, ಕೈ ಕೊಟ್ಟು ಹತ್ತಿಸಿಕೊಳ್ಳುವುದೂ ಇಲ್ಲ.

ನನ್ನ ಜಾಗ ಸಣ್ಣದಲ್ಲ. ನಾನು ಮುಂದಲೆಯವನು. ಶರಾವತಿ ಸಮುದ್ರ ಸೇರುವ ಬಾಯಿಗೆ ಅಳಿವೆ ಅನ್ನುತ್ತೇವೆ. ಅಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ನಿನ್ನೆ ನೀರು ಇದ್ದಲ್ಲಿ ಇವತ್ತು ದಿಬ್ಬ. ದಾಟುವಾಗ ಬೋಟಿನ ಮೂತಿಯಲ್ಲಿ ಒಬ್ಬ ನಿಂತು, ನೀರಿನ ಬಣ್ಣ ಮತ್ತು ತೆರೆ ಮುರಿಯುವ ಜಾಗ ನೋಡಿ ಹಿಂದಕ್ಕೆ ಕೂಗಿ ಹೇಳಬೇಕು. ಬೋಟು ನಡೆಸುವ ತಾಂಡೇಲನಿಗೆ ಕ್ಯಾಬಿನ್ನಿನಿಂದ ಎದುರಿನ ನೀರು ಕಾಣುವುದಿಲ್ಲ. ಅವನು ತಿರುಗಿಸುವುದು ಮುಂದಲೆಯವನ ಬಾಯಿಮಾತಿನ ಮೇಲೆ. ಮೂರು ವರ್ಷ ಆ ಕೆಲಸ ಮಾಡಿದ್ದೆ. ಅದಕ್ಕೆ ಎರಡು ಬೆರಳು ಇಲ್ಲದಿದ್ದರೂ ನಡೆಯುತ್ತದೆ, ಕಣ್ಣು, ಗಂಟಲು ಇದ್ದರೆ ಸಾಕು. ಆದರೆ ಬಲೆ ಕಟ್ಟಲು ಬೆರಳು ಬೇಕು.

ತಾಂಡೇಲನಿಗೆ ಆಗ ಅರವತ್ತರ ಹತ್ತಿರ. ಮಾತು ಕಡಿಮೆ. ನನ್ನ ಕೈ ತಿರುಗಿಸಿ ನೋಡಿ ಕೇಳಿದ:

“ಸೂಜಿ ಹಿಡೂಕೆ ಆಗ್ತದ್ಯನಾ?”

“ಇಲ್ಲ.”

“ಓದೂಕೆ ಬತ್ತದ್ಯಾ?”

“ಅಲ್ಪಸ್ವಲ್ಪ.”

“ಆತು. ನೀ ಓದು, ಇವ್ರು ಕಟ್ಲಿ. ಅದೇ ನಿನ್ ಕೆಲ್ಸ ಅಂತ ಹಿಡಿತೆ. ಇವ್ರು ಕೇಳೂದು ಬಿಟ್ಟು ಎದ್ದು ಹೋದ್ರೆ ನೀನೂ ಮನಿಗೆ ಹೋಗು.”

ಮೊದಲು ಶೆಡ್ಡಿನಲ್ಲಿ ಓದುತ್ತಿದ್ದ ಮುದುಕ ಹಿಂದಿನ ವರ್ಷ ತೀರಿಹೋಗಿದ್ದ. ಅವನ ಪುರಾಣದ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಹಲಗೆ ಮೇಲೆ ಇತ್ತು. ಅದರಿಂದಲೇ ಶುರು ಮಾಡಿದೆ. ಶೆಡ್ಡಿನಲ್ಲಿ ಓದುವುದಕ್ಕೆ ಎರಡು ನಿಯಮ. ಒಂದು, ಅರ್ಧ ಓದಿದ ಪುಸ್ತಕ ಶೆಡ್ಡು ಬಿಟ್ಟು ಹೊರಗೆ ಹೋಗಬಾರದು. ಓದುವವನು ಬಿಟ್ಟು ಬೇರೆಯವರು ಅದನ್ನು ಬಿಚ್ಚಲೂಬಾರದು. ಎರಡು, ಸಾವಿನ ಮೇಲೆ ಆ ದಿನದ ಓದು ನಿಲ್ಲಿಸಬಾರದು. ಯಾರಾದರೂ ಸತ್ತರೆ, ಹುಟ್ಟೋ ಮದುವೆಯೋ ವರವೋ, ಏನಾದರೊಂದು ಒಳ್ಳೆಯದು ಬರುವತನಕ ಓದಿ ಆಮೇಲೆ ಮುಚ್ಚಬೇಕು. ಸಮುದ್ರಕ್ಕೆ ಹೋಗುವವರು ಕಿವಿಯಲ್ಲಿ ಸಾವು ಇಟ್ಟುಕೊಂಡು ಮನೆಗೆ ಹೋಗುವುದಿಲ್ಲ. ಪುರಾಣದಲ್ಲಿ ಇದು ಕಷ್ಟ ಅಲ್ಲ. ಒಬ್ಬ ರಾಜ ಸತ್ತರೆ ಎರಡು ಪುಟದೊಳಗೆ ಮಗನಿಗೆ ಪಟ್ಟ ಆಗುತ್ತದೆ.

ಕಷ್ಟ ಆದದ್ದು ಬೇರೆ. ಯಕ್ಷಗಾನದ ಆಟ ನೋಡಿ ನೋಡಿ ಅವರಿಗೆಲ್ಲ ಆ ಕತೆ ಬಾಯಿಪಾಠ. ನಾನು ಒಂದು ಸಾಲು ಬಿಡಿಸಿ ಓದುವಷ್ಟರಲ್ಲಿ ಅವರು ಮುಂದಿನ ನಾಲ್ಕು ಸಾಲು ಹೇಳಿ ಮುಗಿಸುತ್ತಿದ್ದರು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯ ಒಬ್ಬ ಅಜ್ಜ ಇದ್ದ, ಸಮುದ್ರ ಬಿಟ್ಟು ಬಲೆ ಮಾತ್ರ ಕಟ್ಟುವವನು. ಅವನಂತೂ, “ತಮಾ, ಆ ರಾಕ್ಷಸ ಇನ್ನೂ ಬಾಗ್ಲಲ್ಲೇ ನಿಂತಾನ್ಯೇ? ಒಳಗೆ ಕರ್ಯೋ, ಕಾಲು ನೋಯ್ತದೆ ಅವಂಗೆ,” ಅನ್ನುತ್ತಿದ್ದ. ಎಲ್ಲ ನಗುತ್ತಿದ್ದರು. ಹದಿನೈದು ದಿನಕ್ಕೆ ಪುರಾಣ ಮುಗಿಯಿತು. ಮತ್ತೆ ಅದನ್ನೇ ಶುರು ಮಾಡಿದರೆ ಎದ್ದು ಹೋಗುತ್ತಾರೆ, ಅದು ನನಗೆ ಗೊತ್ತಾಗಿತ್ತು.

ಅದೇ ವಾರ ವಿಂಚಿನ ಬೇರಿಂಗ್ ತರಲು ಭಟ್ಕಳಕ್ಕೆ ಹೋದೆ. ಹಳೇ ಇಂಜಿನ್ ಸಾಮಾನಿನ ಅಂಗಡಿ. ಅಂಗಡಿಯ ಸಾಹೇಬರು ಬೇರಿಂಗ್ ಹುಡುಕುವಾಗ ಒಂದು ದಪ್ಪ ಪುಸ್ತಕ ಕಂಡಿತು, ಪಂಪಿನ ಕೆಳಗೆ ಅಲುಗಾಡದ ಹಾಗೆ ಇಟ್ಟಿದ್ದರು. ಮುಖಪುಟಕ್ಕೆ ಗ್ರೀಸ್ ಹಿಡಿದು ಹೆಸರು, ಬರೆದವನು ಯಾರು, ಏನೂ ಕಾಣುತ್ತಿರಲಿಲ್ಲ. ಒಂದು ಹಡಗಿನ ಚಿತ್ರದ ಮೂತಿ ಮಾತ್ರ ಕಾಣುತ್ತಿತ್ತು. ಹಡಗಿನ ಕತೆ ಆದರೆ ನಮ್ಮವರು ಕೇಳುತ್ತಾರೆ ಅಂತ ಅನ್ನಿಸಿತು.

“ಇದು ಕೊಡ್ತೀರಾ?”

“ಕಿತಾಬಾ? ಎಂತ ಮಾಡ್ತೆ ಅದು ತಗಂಡು? ನಂಗೆ ಪಂಪು ವಾಲ್ತದಲ್ವೇ?” ಅಂದರು. ಆಮೇಲೆ ಒಂದು ಮರದ ತುಂಡು ಹುಡುಕಿ ಪಂಪಿನಡಿ ತುರುಕಿ ಪುಸ್ತಕ ಎಳೆದು ಕೊಟ್ಟರು. “ತಗೋ ಭಾಯ್. ಹೇಗೂ ಇಲ್ಲಿ ಅದ್ನ ಓದೋರು ಯಾರೂ ಇಲ್ಲ.”

ಮುಂದೆ ಎಷ್ಟೋ ಕಾಲದ ಮೇಲೆ ಕುಮಟೆಯಲ್ಲಿ ಒಬ್ಬ ಮೇಷ್ಟ್ರಿಗೆ ಆ ಕತೆ ಹೇಳಿದಾಗ, ಅದು ಹೊರದೇಶದ ಹಳೇ ಹೆಸರುವಾಸಿ ಪುಸ್ತಕ, ಯಾರೋ ಕನ್ನಡಕ್ಕೆ ಮಾಡಿದ್ದು, ಇಂಥವಕ್ಕೆ ವೈಜ್ಞಾನಿಕ ಕಾದಂಬರಿ ಅನ್ನುತ್ತಾರೆ ಅಂತ ಗೊತ್ತಾಯಿತು. ಆಗ ಅದೆಲ್ಲ ಗೊತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಕೂತು ಮೊದಲ ಪುಟ ಬಿಚ್ಚಿದೆ. ಎರಡನೇ ಪುಟಕ್ಕೆ ಬಂದಾಗ ಹಡಗು ನೀರಿನದ್ದಲ್ಲ, ಆಕಾಶದ್ದು ಅಂತ ತಿಳಿಯಿತು. ನಿಲ್ಲಿಸಿದೆ.

“ಎಂತಾತೋ?” ಅಂದ ತಾಂಡೇಲ.

“ಇದು ಆಕಾಶಕ್ಕೆ ಹೋಗೂ ಹಡಗು.”

“ಹೋಗ್ಲಿ. ನಿಂಗೆಂತ? ಓದು.”

ಕತೆ ಹೀಗೆ. ದೂರದ ಒಂದು ನಕ್ಷತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ. ಯಾಕೆ ಅಂತ ನೋಡಿ ಬರಲು ಹನ್ನೊಂದು ಜನರ ಹಡಗು ಹೊರಡುತ್ತದೆ. ಹೋಗಲಿಕ್ಕೇ ಹತ್ತೊಂಬತ್ತು ವರ್ಷ. ಒಬ್ಬ ಕಪ್ತಾನ, ಒಬ್ಬಳು ಡಾಕ್ಟರು, ಒಬ್ಬಳು ದಾರಿ ಲೆಕ್ಕ ಮಾಡುವವಳು, ಉಳಿದವರು ಇಂಜಿನ್ನಿನವರು.

ಓದುವುದು ಬಲೆ ಬಿಡಿಸಿದ ಹಾಗೆ ಇತ್ತು. ಒಂದೊಂದು ಶಬ್ದ ನನ್ನ ಬಾಯಿಗಿಂತ ಉದ್ದ. ಗುರುತ್ವಾಕರ್ಷಣೆ ಅನ್ನುವುದನ್ನು ಮೂರು ತುಂಡು ಮಾಡಿ ಓದಿದೆ. ಅರ್ಥ ಯಾರಿಗೂ ಗೊತ್ತಿಲ್ಲ. ಆದರೆ ಹಡಗಿನಲ್ಲಿ ಜನ ತೇಲುತ್ತಾರೆ, ಅನ್ನ ತಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಬಂದಾಗ ಒಬ್ಬ ಸೂಜಿ ಕೆಳಗಿಟ್ಟು, “ಸುಳ್ಳು ಬಿಡು,” ಅಂದ.

“ಎಂತ ಸುಳ್ಳು?” ಅಂದ ತಾಂಡೇಲ. “ದೊಡ್ಡ ತೆರೆ ಮೇಲಿಂದ ಬೋಟು ಕೆಳಗೆ ಬೀಳೂ ಹೊತ್ತಿಗೆ ನಿನ್ ಹೊಟ್ಟೆ ಎಲ್ಲಿರ್ತದೆ? ಅದೇ. ಅವ್ರು ಹತ್ತೊಂಬತ್ತು ವರ್ಷ ಬೀಳ್ತಾನೇ ಇದ್ರು.”

ನನಗೆ ಆ ಪುಟ ಅರ್ಥವಾದದ್ದು ಆಗಲೇ. ಎಲ್ಲರಿಗೂ ಹಾಗೇ ಆಗಿರಬೇಕು, ಯಾಕೆಂದರೆ ಮತ್ತೆ ಯಾರೂ ಸುಳ್ಳು ಅನ್ನಲಿಲ್ಲ. ಬೇರೆ ಥರದ ಪ್ರಶ್ನೆ ಶುರುವಾಯಿತು. ಲಂಗರು ಎಲ್ಲಿ ಹಾಕ್ತಾರೆ? ಅಡಿಗೆಗೆ ಯಾರು? ಹತ್ತೊಂಬತ್ತು ವರ್ಷ ಮೀನಿಲ್ಲದೆ ಎಂತ ತಿಂತಾರೆ? ನಕ್ಷತ್ರದ ಬೆಳಕು ನಮಗೆ ಬರುವಷ್ಟರಲ್ಲಿ ಎಷ್ಟೋ ವರ್ಷ ಹಳತಾಗಿರುತ್ತದೆ ಅಂತ ಓದಿದ ದಿನ ಅಜ್ಜ ಕೈಯಲ್ಲಿದ್ದ ಗಂಟು ಕಟ್ಟಿ ಮುಗಿಸಿದ. ಆಮೇಲೆ, “ದುಬೈಯಿಂದ ಬರೂ ಕಾಗ್ದದ ಹಾಂಗೆ. ಆರಾಮಿದ್ದೆ ಅಂತ ಬರದಿರ್ತಾನೆ. ಬರಿಯೂ ಹೊತ್ತಿಗೆ ಆರಾಮಿದ್ದ, ಅಷ್ಟೇ,” ಅಂದ.

ಪುಸ್ತಕ ಹೊರಗೆ ಒಯ್ಯುವಂತಿರಲಿಲ್ಲ, ಹಾಗಾಗಿ ಮುಂದೆ ಏನಾಗುತ್ತದೆ ಅಂತ ನನಗೂ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ಮಂಕಿಯಿಂದ ಬಸ್ಸು ಹತ್ತುವಾಗ ಅದೇ ತಲೆಯಲ್ಲಿ. ಮೊದಲು ಜಾಗ ಉಳಿಸಿಕೊಳ್ಳಲು ಓದುತ್ತಿದ್ದೆ. ಹತ್ತು ದಿನ ಆಗುವಾಗ ಶೆಡ್ಡಿನ ಬಾಗಿಲು ತೆಗೆಯುವುದು ಇನ್ನೂ ಎಷ್ಟು ಹೊತ್ತು ಅಂತ ಅನ್ನಿಸುತ್ತಿತ್ತು.

ಕಪ್ತಾನ ಎಲ್ಲರಿಗೂ ಇಷ್ಟ ಆಗಿದ್ದ. ಜೋರು ಮಾಡುವುದಿಲ್ಲ, ಎಲ್ಲರ ಪಾಳಿ ಮುಗಿದ ಮೇಲೆ ತಾನು ಮಲಗುತ್ತಾನೆ. ತಾಂಡೇಲನಿಗಂತೂ ತನ್ನ ಗೆಳೆಯನ ಹಾಗೆ. “ಕಪ್ತಾನ ಎಂತ ಹೇಳ್ದ ಇವತ್ತು?” ಅಂತ ಚಹಾ ಕುಡಿಯುವಾಗಲೂ ಕೇಳುತ್ತಿದ್ದ.

ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಕಪ್ತಾನ ಸತ್ತ.

ಮೊದಲೇ ಏನೂ ಸೂಚನೆ ಇಲ್ಲ. ದಾರಿ ಲೆಕ್ಕದವಳ ಜೊತೆ ಮಾತಾಡುತ್ತಿದ್ದವನು ಎದೆ ಹಿಡಿದುಕೊಂಡ. ಅಷ್ಟೇ. ನಾನು ಓದಿದ ಸಾಲನ್ನು ಮತ್ತೆ ಓದಿದೆ, ತಪ್ಪು ಓದಿದೆನೋ ಅಂತ. ಸೂಜಿಗಳು ನಿಂತವು.

“ಓದು,” ಅಂದ ತಾಂಡೇಲ. “ನಿಲ್ಸೂಕಾಗ. ಮುಂದೆ ಒಳ್ಳೇದು ಬತ್ತದೆ.”

ಓದಿದೆ. ಒಳ್ಳೆಯದು ಬರಲಿಲ್ಲ. ಕಪ್ತಾನನ ಪೆಟ್ಟಿಗೆ ಬಿಚ್ಚಿ ಅವನ ದಿನಚರಿ ನೋಡುತ್ತಾರೆ. ಅದರಲ್ಲಿ ಬರೆದದ್ದು: ವಾಪಸು ಬರುವಷ್ಟು ಇಂಧನ ಹಡಗಿನಲ್ಲಿ ಮೊದಲ ದಿನದಿಂದಲೂ ಇಲ್ಲ. ಅವನಿಗೆ ಗೊತ್ತಿತ್ತು. ದಿನಾ ಹತ್ತು ಜನರಿಗೂ ಸುಳ್ಳು ಲೆಕ್ಕ ತೋರಿಸಿದ್ದ.

ಯಾರೋ, “ಥೂ,” ಅಂದರು. ತಾಂಡೇಲನ ಮುಖ ಕೆಟ್ಟುಹೋಯಿತು.

ಇಂಜಿನ್ನಿನವನೊಬ್ಬ ಇದನ್ನು ಕೇಳಿ ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟ, ಆಕಾಶಕ್ಕೆ. ಅವನನ್ನು ಹಿಡಿಯಲು ಹೋದವನೂ ಬರಲಿಲ್ಲ. ಐದು ಗಂಟೆ ಆಯಿತು. ಐದೂವರೆ. ನನ್ನ ಗಂಟಲು ಒಣಗಿತು, ನೀರು ಕೊಟ್ಟರು. ಹೊರಗೆ ಮಳೆ. ಬೇರೆ ಶೆಡ್ಡಿನವರು ಮನೆಗೆ ಹೋಗುತ್ತ ಇಣುಕಿ ನೋಡಿದರು. ನಮ್ಮವರು ಸೂಜಿ ಕಟ್ಟಿಟ್ಟು ಸುಮ್ಮನೆ ಕೂತಿದ್ದರು. ಒಬ್ಬನೂ ಏಳಲಿಲ್ಲ. ಬೋಟು ಇಳಿಸಲು ಮೂರು ವಾರವೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮೂರು ಹೆಣ ಬಿಟ್ಟು ಯಾರು ಏಳುತ್ತಾರೆ?

“ಎಂತ ಪುಸ್ತಕನೋ ಇದು,” ಅಂದ ಅಜ್ಜ. “ಬರದವಂಗೆ ಮನೆ ಮಾರು ಇರ್ಲಿಲ್ಯನಾ?”

“ಒಂದು ಒಳ್ಳೇ ಮಾತಾದ್ರೂ ಬರ್ಲೋ ಮಾರಾಯ. ಕಡೀ ಬಸ್ಸು ಹೋತು ಇನ್ನು,” ಅಂದ ಇನ್ನೊಬ್ಬ.

ಮುಂದಿನ ಪುಟದ ಮೇಲೆ ಕಣ್ಣು ಓಡಿಸಿದೆ. ಅಲ್ಲಿ ಡಾಕ್ಟರು ಸಾಯುವ ಹಾಗೆ ಕಾಣುತ್ತಿತ್ತು. ಇವತ್ತು ಇವರು ಹೀಗೆ ಸಾವಿನ ಮೇಲೆ ಎದ್ದು ಹೋದರೆ ನಾಳೆ ಈ ಪುಸ್ತಕ ಕೇಳಲು ಬರುವುದಿಲ್ಲ. ಪುಸ್ತಕ ಹೋದರೆ ನನ್ನ ಕೆಲಸ ಹೋಯಿತು. ಕೆಲಸ ಹೋದರೆ ಮುಂದಲೆ ಹೋಯಿತು. ಇದನ್ನು ನಾನು ಇಷ್ಟು ಬಿಡಿಸಿ ಯೋಚಿಸಿದೆನೋ ಇಲ್ಲವೋ ನೆನಪಿಲ್ಲ. ಬಾಯಿ ತಾನೇ ಹೇಳಿತು:

“ಅದೇ ಹೊತ್ತಿಗೆ ಕೆಳಗಿನ ಕೋಣೆಯಿಂದ ಒಂದು ಮಗು ಅಳುವ ಸದ್ದು ಕೇಳಿಸಿತು.”

ಎಲ್ಲರೂ ತಲೆ ಎತ್ತಿದರು.

“ಮಗುವಾ?”

“ಹೌದು. ಡಾಕ್ಟರು ಎತ್ಕಂಡು ಮೇಲೆ ಬಂದ್ಲು.”

“ಗಂಡಾ ಹೆಣ್ಣಾ?”

ಪುಟ ನೋಡುವ ಹಾಗೆ ಮಾಡಿದೆ. “ಹೆಣ್ಣು.”

“ಆತು,” ಅಂದ ತಾಂಡೇಲ. ಉಸಿರು ಬಿಟ್ಟ. “ಆತು. ಮುಚ್ಚು.”

ಎಲ್ಲ ಎದ್ದರು. ಕೊಡೆ ಹುಡುಕಿದರು. ಒಬ್ಬ ನನ್ನ ಬೆನ್ನಿಗೆ ತಟ್ಟಿ ಹೋದ. ನಾನು ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಲಗೆ ಮೇಲಿಟ್ಟೆ. ಬಸ್ಸು ತಪ್ಪಿತ್ತು, ಮೀನಿನ ಟೆಂಪೋ ಹಿಡಿದು ಮನೆಗೆ ಹೋದೆ.

ಮಾರನೇ ದಿನದಿಂದ ಫಜೀತಿ. ಹಡಗಿನಲ್ಲಿ ಏನಾಯಿತು ಅಂತ ಯಾರಿಗೂ ಬೇಡ, ಮಗು ಏನು ಮಾಡಿತು ಅಂತ ಬೇಕು.

“ತಾಯಿ ಯಾರು?”

“ದಾರಿ ಲೆಕ್ಕ ಮಾಡೂಳು.”

“ಅಪ್ಪ?”

“ಬರದಿಲ್ಲ.”

“ಬರೀದೆ ಬಿಡ್ತಾನ್ಯೇ? ಮುಂದೆ ಬತ್ತದೆ ನೋಡು. ಕಪ್ತಾಂದೇ ಇರೂದು.”

“ಹೋಗಾ, ಅಂವ ಅಂಥವ ಅಲ್ಲ.”

“ಹತ್ತೊಂಬತ್ತು ವರ್ಷ ಒಂದೇ ಬೋಟಲ್ಲಿ ಇದ್ರೆ ಎಂಥವನೂ ಆಗ್ತಾನೆ.”

ಡಾಕ್ಟರು ಪುಸ್ತಕದಲ್ಲಿ ಆ ದಿನವೇ ಸತ್ತಳು. ಆಮೇಲೆ ಇನ್ನಿಬ್ಬರು. ಪುಸ್ತಕದವನು ಕೈ ನಿಲ್ಲಿಸುವ ಹಾಗೆ ಕಾಣಲಿಲ್ಲ. ಹಾಗಾಗಿ ದಿನಾ ಸಂಜೆ ಐದು ಗಂಟೆಗೆ ನಾನು ಮಗುವನ್ನು ತರುತ್ತಿದ್ದೆ. ಮಗು ನಕ್ಕಿತು. ಮಗುವಿಗೆ ಹಲ್ಲು ಬಂತು. ಮಗು ತೇಲುತ್ತ ಬಂದು ತಾಯಿಯ ಮೂಗು ಹಿಡಿಯಿತು. ಈ ಕೊನೆಯದಕ್ಕೆ ಅಜ್ಜ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಾನು ಒಳ್ಳೆಯ ಓದುಗ ಅಂತ ಹೆಸರು ಬಂತು. ಪಕ್ಕದ ಶೆಡ್ಡಿನವರು ಇಬ್ಬರು ಸಂಜೆ ಹೊತ್ತಿಗೆ ಬಂದು ಕೂರಲು ಶುರು ಮಾಡಿದರು.

ಒಂದು ವಿಷಯ ಹೇಳಬೇಕು. ನನಗೆ ನಾಚಿಕೆ ಆಗುತ್ತಿತ್ತು, ಆದರೆ ಸುಳ್ಳಿನದ್ದಲ್ಲ. ಬೆಳಿಗ್ಗೆಯಿಂದ ಓದುವ ನಿಜವಾದ ಪುಟಗಳು ನನಗೆ ಮಗುವಿಗಿಂತ ಬಹಳ ಚೆನ್ನಾಗಿ ಕಾಣುತ್ತಿದ್ದವು. ದಾರಿ ಲೆಕ್ಕದವಳು ಒಬ್ಬೊಬ್ಬರೇ ಕಡಿಮೆಯಾದ ಹಾಗೆ ಅವರ ಪಾಳಿಯನ್ನೂ ತಾನೇ ಮಾಡುತ್ತಾಳೆ. ಊಟದ ತಟ್ಟೆಗಳನ್ನು ದಿನಾ ಹನ್ನೊಂದೂ ಒರೆಸಿಡುತ್ತಾಳೆ. ಅಂಥ ಜಾಗ ಓದುವಾಗ ಕೇಳುವವರು ಬೀಡಿ ಹಚ್ಚುತ್ತಿದ್ದರು, ಮಗು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದರು. ಒಂದು ಒಳ್ಳೆಯ ಬಲೆಗೆ ನಾನೇ ತೂತು ಮಾಡಿದ ಹಾಗೆ ಅನ್ನಿಸುತ್ತಿತ್ತು.

ಸಿಕ್ಕಿಬಿದ್ದದ್ದು ಆರನೇ ದಿನ. ತಾಂಡೇಲನ ಅಕ್ಕನ ಮಗ ಒಬ್ಬ ನಮ್ಮ ಜೊತೆ ಬಲೆ ಕಟ್ಟುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾದವನು, ನನಗಿಂತ ಒಂದು ವರ್ಷ ಸಣ್ಣವನು. ಮುಂದಲೆಯ ಮೇಲೆ ಅವನಿಗೂ ಕಣ್ಣಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಚಹಾಕ್ಕೆ ಎದ್ದಾಗ ಅವನು ನನ್ನ ಹತ್ತಿರ ಬಂದು ಹೇಳಿದ:

“ಬೆಳಗಿಂದ ನೀ ಒಂದೊಂದು ಶಬ್ದಕ್ಕೂ ಎಡವ್ತೆ. ಮಗು ಬಂದ್ಕೂಡ್ಲೆ ಎಡವೂದೇ ಇಲ್ಲ. ಎಂತಕ್ಕೆ?”

“ಅದು ಸಸಾರ ಬರದಾನೆ.”

“ಹೌದಾ? ಆ ಮಗು ಬಂದಲ್ಲೆಲ್ಲ ಪುಸ್ತಕ ನಮ್ಮ ಮಂಕಿ ಮಾತೇ ಆಡ್ತದಲ್ಲೋ.”

ನಾನು ಹೊರಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಅವನು ಪುಸ್ತಕ ಬಿಚ್ಚಿ ನಿಂತಿದ್ದ. ಹಿಂದಕ್ಕೆ ಹಿಂದಕ್ಕೆ ಪುಟ ತಿರುವುತ್ತಿದ್ದ.

ತಾಂಡೇಲ ಮೊದಲು ಬೈದದ್ದು ಅವನಿಗೆ. “ಕೆಳಗಿಡಾ ಅದ್ನ! ಅರ್ಧ ಓದಿದ್ ಪುಸ್ತಕ ಮುಟ್ಟೂಕೆ ನೀ ಯಾರು?”

“ಮಾವ, ಇದ್ರಲ್ಲಿ ಮಗುವೇ ಇಲ್ಲ.”

“ಎಂತ?”

“ಮಗು ಇಲ್ಲ. ಕಪ್ತಾನ ಸತ್ತಲ್ಲಿಂದ ನೋಡ್ದೆ. ಇಂವ ಕಟ್ಟಿ ಹೇಳಿದ್ದು.”

ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲ ಅನ್ನಬಹುದಿತ್ತು. ಓದಲು ಬರುವವರು ಅಲ್ಲಿ ನಾವಿಬ್ಬರೇ, ಅವನ ಮಾತು ಒಂದು ಕಡೆ, ನನ್ನದು ಒಂದು ಕಡೆ. ಅವನಿಗೆ ನನ್ನ ಜಾಗ ಬೇಕು ಅಂತ ಎಲ್ಲರಿಗೂ ಗೊತ್ತು. ನಾನು ಹೇಳಿದ್ದನ್ನು ನಂಬುತ್ತಿದ್ದರು. ಅಜ್ಜನಂತೂ ನಾನು ಇಲ್ಲ ಅನ್ನಲಿ ಅಂತಲೇ ಬಾಯಿ ನೋಡುತ್ತಿದ್ದ.

“ಹೌದು,” ಅಂದೆ. “ಮಗು ಇಲ್ಲ.”

ತಾಂಡೇಲ ಕೂಗಲಿಲ್ಲ. ಚಹಾದ ಲೋಟ ಕೆಳಗಿಟ್ಟ. “ಕಪ್ತಾನ ಸತ್ತ ಜಾಗದಿಂದ ಓದು. ಎಂತ ಅದೆ ಅಷ್ಟೇ ಓದು.”

“ಒಳ್ಳೇದು ಬರೂದಿಲ್ಲ ಅದ್ರಲ್ಲಿ.”

“ಬರ್ದಿದ್ರೆ ಬರೂದು ಬ್ಯಾಡ.”

ಓದಿದೆ. ಈ ಸಲ ಎಡವಿದಾಗೆಲ್ಲ ನಿಂತು, ಮತ್ತೆ ಅದೇ ಶಬ್ದ ಓದಿದೆ. ಬೀಡಿ ಹಚ್ಚಿದವರು ಇರಲಿಲ್ಲ. ಆ ಸಂಜೆ ಸಾವಿನ ಮೇಲೆಯೇ ಪುಸ್ತಕ ಮುಚ್ಚಿದೆವು. ನನಗೆ ಗೊತ್ತಿದ್ದ ಹಾಗೆ ಆ ಶೆಡ್ಡಿನಲ್ಲಿ ಅದು ಮೊದಲ ಸಲ. ಪಕ್ಕದ ಶೆಡ್ಡಿನ ಇಬ್ಬರು ಎದ್ದು ಹೋದವರು ಮಾರನೇ ದಿನ ಬರಲಿಲ್ಲ. ಉಳಿದವರು ಬಂದರು.

ಮುಗಿಯಲು ಇನ್ನೂ ನಾಲ್ಕು ದಿನ ಬೇಕಾಯಿತು. ಕೊನೆಗೆ ಉಳಿಯುವವಳು ದಾರಿ ಲೆಕ್ಕದವಳು ಒಬ್ಬಳೇ. ನಕ್ಷತ್ರದ ಹತ್ತಿರ ಹೋಗಿ ನೋಡುತ್ತಾಳೆ. ನಕ್ಷತ್ರ ಆರುತ್ತಿಲ್ಲ, ಮೊದಲಿನ ಹಾಗೇ ಉರಿಯುತ್ತಿದೆ. ಮಧ್ಯದಲ್ಲಿ ಧೂಳಿನ ಒಂದು ಮೋಡ ಅಡ್ಡ ಬಂದದ್ದು, ಅಷ್ಟೇ. ಅವಳು ಕೂತು ಊರಿಗೆ ಸುದ್ದಿ ಕಳಿಸುತ್ತಾಳೆ. ಯಾರು ಯಾರು ಯಾವ ದಿನ ಸತ್ತರು, ಕಪ್ತಾನ ಏನು ಮುಚ್ಚಿಟ್ಟ, ತಾನು ಏನು ಕಂಡೆ, ಎಲ್ಲ. ಸುದ್ದಿ ಮುಟ್ಟಲು ಎಷ್ಟೋ ವರ್ಷ ಬೇಕು. ಆ ಹೊತ್ತಿಗೆ ಅಲ್ಲಿ ಕೇಳುವವರು ಇರುತ್ತಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಆದರೂ ಒಂದು ಅಂಕಿ ತಪ್ಪಾಗಿದ್ದಕ್ಕೆ ಹಿಂದೆ ಹೋಗಿ ತಿದ್ದಿ ಮತ್ತೆ ಕಳಿಸುತ್ತಾಳೆ. ಅಲ್ಲಿಗೆ ಮುಗಿಯಿತು.

ಪುಸ್ತಕ ಮುಚ್ಚಿದೆ. ಆಮೇಲೆ ಒಬ್ಬ ಅಂದ:

“ಮೋಡ ಅಡ್ಡ ಬಂದದ್ ನೋಡೂಕೆ ಹನ್ನೊಂದು ಜನ ಸಾಯ್ಬೇಕಾ?”

“ಹೋಗಿ ನೋಡ್ದೆ ಇದ್ರೆ ಮೋಡ ಅಂತ ಹ್ಯಾಂಗೆ ಗೊತ್ತಾಗೂದು?” ಅಂದ ಅಕ್ಕನ ಮಗ.

ಅಜ್ಜ ನನ್ನ ಕಡೆ ತಿರುಗಿ, “ಇದೂ ಚೊಲೋ ಅದೆ ತಮಾ. ಆದ್ರೂ ಮಗು ಇದ್ದಿದ್ರೆ ಎಂತ ಆಗ್ತಿತ್ತು? ಅವ್ಳಿಗೆ ಒಂದು ಜೊತೆ ಆಗ್ತಿತ್ತು,” ಅಂದ.

ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಮಗು ಇದ್ದಿದ್ದರೆ ಅವಳು ಆ ಅಂಕಿ ತಿದ್ದುತ್ತಿರಲಿಲ್ಲ, ಮಗುವಿನ ಮುಖ ನೋಡಿಕೊಂಡು ಕೂರುತ್ತಿದ್ದಳು. ಇದನ್ನು ಅಜ್ಜನಿಗೆ ಹೇಳಲಿಲ್ಲ. ಹೇಳುವಷ್ಟು ಬಾಯಿ ಆ ದಿನ ನನಗಿರಲಿಲ್ಲ.

ಎಲ್ಲ ಹೋದ ಮೇಲೆ ತಾಂಡೇಲ ನನ್ನನ್ನು ನಿಲ್ಲಿಸಿದ. ನೂಲ ಹುಣ್ಣಿಮೆಗೆ ನಾಲ್ಕು ದಿನ ಇತ್ತು. ಇವತ್ತು ಅಥವಾ ನಾಳೆ ಈ ಮಾತು ಬರುತ್ತದೆ ಅಂತ ಕಾಯುತ್ತಲೇ ಇದ್ದೆ.

“ನೀ ಓದಿದ್ದು ಕೆಲ್ಸ ಹೌದು. ಜಾಗ ಅದೆ ನಿಂಗೆ ಬೋಟಲ್ಲಿ,” ಅಂದ. “ಮುಂದಲೆ ಅಲ್ಲ. ಐಸಿನ ಕೋಣೆ.”

“ಮೂರು ವರ್ಷ ಒಂದೂ ತಪ್ಪು ಹೇಳಿಲ್ಲ ನಾನು ಅಳಿವೆಲಿ.”

“ಹೇಳಿಲ್ಲ.”

“ಮತ್ತೆ?”

ಅವನು ಬಾಗಿಲಿನಲ್ಲಿ ನಿಂತು ಹೊರಗೆ ನೋಡುತ್ತಿದ್ದ. ಅಳಿವೆ ಅಲ್ಲಿಂದ ಕಾಣುತ್ತದೆ.

“ನಾವು ಮನಿಗೆ ಹೋಗೂಕೆ ಕಾಯ್ತಿದ್ವು. ಒಳ್ಳೇದು ಕೇಳೂಕೆ ಆಸೆ ಇತ್ತು. ನೀ ಹೇಳ್ದೆ. ಅಳಿವೆ ಬಾಯಲ್ಲಿ ಕತ್ಲೆ ಆಗ್ತಾ ಬಂದಾಗ ನಂಗೂ ಹಾಂಗೇ ಆಸೆ ಇರ್ತದೆ, ಎದುರು ನೀರು ಅದೆ ಅಂತ ಯಾರಾರೂ ಹೇಳ್ಲಿ ಅಂತ. ನನ್ ಆಸೆ ನೋಡಿ ಹೇಳೂಂವ ನಂಗೆ ಅಲ್ಲಿ ಬ್ಯಾಡ.”

“ಅದು ಪುಸ್ತಕ. ಇದು ಸಮುದ್ರ.”

“ಹೌದು. ಪುಸ್ತಕದಲ್ಲಿ ಯಾರೂ ಮುಳುಗೂದಿಲ್ಲ. ಅಲ್ಲೇ ನಿಂಗೆ ತಡ್ಯೂಕೆ ಆಗ್ಲಿಲ್ಲ.”

ಕೊಡೆ ತಗೊಂಡು ಹೊರಗೆ ಬಂದೆ. ಸಿಟ್ಟು ಬಂದಿತ್ತು. ಭಟ್ಕಳದ ಒಂದು ಬೋಟಿನವರು ಜನ ಹುಡುಕುತ್ತಿದ್ದಾರೆ ಅಂತ ಕೇಳಿದ್ದೆ, ಅಲ್ಲಿಗೆ ಹೋಗಿಬಿಡುವುದು ಅಂತ ಬಸ್ಸಿನಲ್ಲಿ ಮನೆಗೆ ಬರುವಾಗ ಗಟ್ಟಿ ಮಾಡಿದೆ. ಅಲ್ಲಿ ಯಾರಿಗೂ ಮಗುವಿನ ಕತೆ ಗೊತ್ತಿಲ್ಲ. ಮುಂದಲೆ ಕೊಟ್ಟರೂ ಕೊಟ್ಟಾರು. ಮೂರು ದಿನ ಹಾಗೇ ಇದ್ದೆ, ಹೋಗಲಿಲ್ಲ. ಯಾಕೆ ಅಂತ ಕೇಳಿದರೆ ಈಗಲೂ ಒಂದೇ ಉತ್ತರ. ಆ ದಿನ ಅಕ್ಕನ ಮಗ ಮಗು ಇಲ್ಲ ಅಂದಾಗ ನಾನು ಒಪ್ಪಿಕೊಂಡೆನಲ್ಲ, ಅದು ಇವರೆಲ್ಲರ ಎದುರು ನಡೆದದ್ದು. ಭಟ್ಕಳಕ್ಕೆ ಹೋದರೆ ಅದನ್ನು ನೋಡಿದವರು ಅಲ್ಲಿ ಯಾರೂ ಇರುವುದಿಲ್ಲ.

ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಮಾರನೇ ಬೆಳಿಗ್ಗೆ ಹೊರಟೆವು. ನಾನು ಕೆಳಗೆ ಐಸಿನ ಕೋಣೆಯಲ್ಲಿ. ಅಲ್ಲಿಂದ ಏನೂ ಕಾಣುವುದಿಲ್ಲ, ಹಲಗೆಯ ಆಚೆ ನೀರಿನ ಸದ್ದು ಮಾತ್ರ. ಅಳಿವೆ ಹತ್ತಿರ ಬಂದಾಗ ಇಂಜಿನ್ನಿನ ಸದ್ದು ಸಣ್ಣದಾಯಿತು. ಮುಂದಲೆಯಲ್ಲಿ ಅಕ್ಕನ ಮಗ ಕೂಗುವುದು ಕೇಳಿಸಿತು. ಎಡಕ್ಕೆ. ಇನ್ನೂ ಎಡಕ್ಕೆ. ನಿಲ್ಲಿ. ಬಹಳ ಹೊತ್ತು ಅವನು ಸುಮ್ಮನಿದ್ದ. ಅಷ್ಟು ಹೊತ್ತು ನಾನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ ಅಂತ ಅನ್ನಿಸಿತು. ತಾಂಡೇಲ ಮೇಲಿಂದ, “ಎಂತ ಕಾಣ್ತದೋ?” ಅಂತ ಕೂಗಿದ.

“ಗೊತ್ತಾಗೂದಿಲ್ಲ ಮಾವ,” ಅಂದ ಅವನು. “ಒಂದು ತೆರೆ ಹೋಗ್ಲಿ.”

ಒಂದು ತೆರೆ ಹೋಯಿತು. ಮತ್ತೊಂದು. ಆಮೇಲೆ ಅವನು ಬಲಕ್ಕೆ ಅಂದ, ಬೋಟು ಎದ್ದು ಬಿದ್ದು ದಾಟಿತು. ನಾನು ಎಡಗೈಯಲ್ಲಿ ಸುತ್ತಿಗೆ ಹಿಡಿದು ಐಸು ಒಡೆಯಲು ಶುರು ಮಾಡಿದೆ.